ವಿಷಾದ: ಯೋಗವೋ ರೋಗವೋ? ‘ಸಂಸ್ಕಾರ’ ಕಾದಂಬರಿಯನ್ನು ಕುರಿತು ಒಂದು ವಿಚಾರ

‘ವಿಷಾದ’ ಎಂಬ ಒಂದೇ ಶಬ್ದಕ್ಕೆ ನಮ್ಮ ಎರಡು ಪ್ರಾಚೀನ ಗ್ರಂಥಗಳಲ್ಲಿ ಎರಡು ಬಗೆಯ ಸ್ಥಾನ ದೊರೆತಿದೆ. ಭಗವದ್ಗೀತೆಯ ಮೊದಲನೆಯ ಅಧ್ಯಾಯದ ಹೆಸರು ಅರ್ಜುನವಿಷಾದಯೋಗ. ಅಲ್ಲಿ ಅರ್ಜುನನು ತನ್ನ ಅವಸ್ಥೆಯನ್ನು ಹೇಳಿಕೊಳ್ಳುವಾಗ ಕೊಡುವ ಲಕ್ಷಣಗಳು ಬಹುಮಟ್ಟಿಗೆ ದೇಹದವು: ಅಂಗಾಂಗಗಳು ಕುಸಿಯುತ್ತವೆ, ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಚರ್ಮ ಉರಿಯುತ್ತದೆ, ಮನಸ್ಸು ತಿರುಗುತ್ತದೆ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಇಂದಿನ ಮನೋವೈದ್ಯನೊಬ್ಬನ ಮುಂದೆ ಇವನ್ನು ಇಟ್ಟರೆ ಆತನು ಇವು ತೀವ್ರವಾದ ಆತಂಕದ ಚಿಹ್ನೆಗಳೆಂದು ಗುರುತು ಹಾಕಿಕೊಂಡಾನು. ಆದರೂ ಅಧ್ಯಾಯಕ್ಕೆ ಹೆಸರಿಟ್ಟವರು ಅದನ್ನು ಯೋಗವೆಂದರು. ಇತ್ತ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಒಂದೊಂದು ವರ್ಗಕ್ಕೆ ಅಗ್ರಗಣ್ಯವಾದುದು ಯಾವುದೆಂದು ಎಣಿಸುವ ಪ್ರಸಂಗವೊಂದು ಬರುತ್ತದೆ. ರೋಗವನ್ನು ಹೆಚ್ಚಿಸುವವುಗಳಲ್ಲಿ ವಿಷಾದವೇ ಅಗ್ರಗಣ್ಯವೆಂದು ಅಲ್ಲಿ ಹೇಳಿದೆ. ಚರಕನು ಅಲ್ಲಿ ವಿಷಾದವನ್ನು ರೋಗವೆಂದು ಕರೆಯಲಿಲ್ಲ, ರೋಗವರ್ಧಕವೆಂದು ಕರೆದನು ಎಂಬುದನ್ನು ಗಮನಿಸತಕ್ಕದ್ದು.

ಈ ಎರಡು ಮಾತುಗಳು ಪರಸ್ಪರ ವಿರುದ್ಧವೆಂದು ತಿಳಿಯಲು ಕಾರಣವಿಲ್ಲ. ಬಾಳಿನ ಬುಡವನ್ನೇ ಅಲುಗಿಸುವ ಪ್ರಶ್ನೆ ಎದುರಾದಾಗ ಮೈಮನಗಳೆರಡೂ ಕದಡಿಹೋಗುತ್ತವೆ. ಆ ಕದಡು ತಿಳಿವಿಗೆ ಬಾಗಿಲಾಗಬಹುದು; ಒಳಗೇ ಇದ್ದ ಬೇನೆಯನ್ನು ಬಲಿಸಲೂ ಬಹುದು; ಒಬ್ಬನಲ್ಲಿಯೇ, ಒಂದೇ ಕಾಲದಲ್ಲಿ, ಎರಡೂ ನಡೆಯುವುದು ಅಸಂಭವವಲ್ಲ. ಪ್ರಾಚೀನರ ಮಾತಿನಲ್ಲಿ ಕಾಣುವ ಈ ಎಚ್ಚರ ನಮ್ಮ ಈಚಿನ ಸಾಹಿತ್ಯವಿಮರ್ಶೆಯಲ್ಲಿ ಮಸಕಾಗಿದೆ ಎಂಬುದೇ ಪ್ರಕೃತ ಲೇಖನದ ಆಕ್ಷೇಪ. ನವ್ಯ ಕಾದಂಬರಿಯ ನಾಯಕನೊಬ್ಬನು ನಿದ್ರೆಗೆಟ್ಟು, ಊಟ ಬಿಟ್ಟು, ಗುರುತಿನವರ ಕಣ್ಣು ತಪ್ಪಿಸಿ ಅಲೆಯತೊಡಗಿದರೆ, ವಿಮರ್ಶಕರಲ್ಲಿ ಕೆಲವರು ಇದು ಅಸ್ತಿತ್ವದ ಬಿಕ್ಕಟ್ಟು ಎಂದು ತಲೆದೂಗುತ್ತಾರೆ, ಕೆಲವರು ಇದು ಮನೋರೋಗವೆಂದು ಚೀಟಿ ಅಂಟಿಸುತ್ತಾರೆ. ಒಮ್ಮೆ ಹೆಸರಿಟ್ಟ ಮೇಲೆ ಇಬ್ಬರೂ ಆ ವ್ಯಕ್ತಿಯ ಕಡೆಗೆ ತಿರುಗಿ ನೋಡುವುದು ಕಡಮೆ.

ಅಸ್ತಿತ್ವವಾದವೆಂಬ ಹೆಸರಿನಲ್ಲಿ ಪ್ರಚುರವಾದ ವಿಚಾರಧಾರೆಯ ಇತಿಹಾಸವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಕೀರ್ಕೆಗಾರ್ಡನು 1844ರಲ್ಲಿಯೇ ಆತಂಕವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಸಾರ್ತ್ರನ ‘ವಾಕರಿಕೆ’ 1938ರಲ್ಲಿ, ಕಮೂವಿನ ‘ಸಿಸಿಫಸ್’ 1942ರಲ್ಲಿ ಪ್ರಕಟವಾದವು. ಕನ್ನಡಕ್ಕೆ ಈ ಗಾಳಿ ಬೀಸಿದ್ದು ನವ್ಯದೊಡನೆ. ಅದೇ ಕಾಲದಲ್ಲಿ, 1954ರಲ್ಲಿ, ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. 1974ರಲ್ಲಿ ಅದು ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ತಲ್ಲಣಗೊಂಡ ಮನಸ್ಸನ್ನು ಕುರಿತ ಎರಡು ಭಾಷೆಗಳು ಒಂದೇ ನಾಡಿನಲ್ಲಿ ಅಕ್ಕಪಕ್ಕದಲ್ಲಿ ಬೆಳೆದರೂ ಅವುಗಳ ನಡುವೆ ಕೊಡುಕೊಳೆ ಹೆಚ್ಚಾಗಿ ಬೆಳೆಯಲಿಲ್ಲ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಮನೋವೈದ್ಯವನ್ನು ಕುರಿತ ಗ್ರಂಥವೊಂದು ಸಾಹಿತ್ಯವೆಂದು ಮನ್ನಣೆ ಪಡೆದ ಆ ಸಂಗತಿಯಿಂದ ನಮ್ಮ ಕಥಾವಿಮರ್ಶೆ ಕಲಿತುಕೊಂಡದ್ದು ಏನು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಪ್ರಶ್ನೆಯ ಸ್ವರೂಪ ಸ್ಪಷ್ಟವಾಗಲು ಪಶ್ಚಿಮದ ಮೂರು ನಿದರ್ಶನಗಳನ್ನು ನೋಡಬಹುದು. ಟಾಲ್‌ಸ್ಟಾಯ್ ತನ್ನ ಐವತ್ತನೆಯ ವಯಸ್ಸಿನ ಸುಮಾರಿಗೆ ತನ್ನ ಬದುಕು ಇದ್ದಕ್ಕಿದ್ದಂತೆ ನಿಂತುಹೋಯಿತೆಂದು ‘ತಪ್ಪೊಪ್ಪಿಗೆ’ ಎಂಬ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಅದರ ರಚನೆ ನಡೆದದ್ದು 1879 ಮತ್ತು 1882ರ ನಡುವೆ. ಆಸ್ತಿ, ಕೀರ್ತಿ, ಸಂಸಾರ, ದೇಹಬಲ, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ‘ಇದೆಲ್ಲ ಏತಕ್ಕೆ’ ಎಂಬ ಪ್ರಶ್ನೆಯು ಆತನನ್ನು ಎಷ್ಟು ಕಾಡಿತೆಂದರೆ, ತನ್ನ ಪ್ರಾಣಕ್ಕೆ ತಾನೇ ಎರವಾದೇನೆಂಬ ಭಯದಲ್ಲಿ ಆತನು ತನ್ನಿಂದ ತನ್ನನ್ನೇ ಕಾಯ್ದುಕೊಳ್ಳಬೇಕಾಯಿತು. ವಿಲಿಯಂ ಜೇಮ್ಸನು 1902ರಲ್ಲಿ ಪ್ರಕಟಿಸಿದ ಧಾರ್ಮಿಕಾನುಭವದ ವೈವಿಧ್ಯಗಳನ್ನು ಕುರಿತ ಉಪನ್ಯಾಸಗಳಲ್ಲಿ ಈ ಗ್ರಂಥವನ್ನು ವಿವರವಾಗಿ ಪರಿಶೀಲಿಸಿದನು. ಜೇಮ್ಸನು ಸ್ವತಃ ವೈದ್ಯಶಾಸ್ತ್ರದಲ್ಲಿ ಪದವಿ ಪಡೆದವನು. ಟಾಲ್‌ಸ್ಟಾಯಿಯ ಅವಸ್ಥೆ ವಿಷಣ್ಣತೆಯ ಒಂದು ರೂಪವೆಂದು ಒಪ್ಪಿಕೊಳ್ಳಲು ಆತನಿಗೆ ಸಂಕೋಚವಿರಲಿಲ್ಲ. ಆದರೆ ಅಷ್ಟು ಹೇಳಿದ ಮಾತ್ರಕ್ಕೆ ಟಾಲ್‌ಸ್ಟಾಯ್ ಎತ್ತಿದ ಪ್ರಶ್ನೆಗೆ ಉತ್ತರ ಕೊಟ್ಟಂತಾಯಿತೆಂದು ಆತನು ಭಾವಿಸಲಿಲ್ಲ. ಸಂತನ ದರ್ಶನವನ್ನು ಅಪಸ್ಮಾರವೆಂದೂ ಭಕ್ತನ ಕಳವಳವನ್ನು ಪಿತ್ತಕೋಶದ ಕೆಡಕೆಂದೂ ತಳ್ಳಿಹಾಕುವ ಬುದ್ಧಿಯನ್ನು ಆತನು ವೈದ್ಯಕೀಯ ಜಡವಾದವೆಂದು ಹೆಸರಿಟ್ಟು ಖಂಡಿಸಿದನು. ಒಂದು ಮಾತು ಹೇಗೆ ಹುಟ್ಟಿತೆಂಬುದು ಬೇರೆ, ಅದರ ಬೆಲೆ ಎಷ್ಟೆಂಬುದು ಬೇರೆ.

ಎರಡನೆಯವನು ಕಾರ್ಲ್ ಯಾಸ್ಪರ್ಸ್. ಈತನು ತತ್ತ್ವಜ್ಞನಾಗುವ ಮೊದಲು ಹೈಡೆಲ್‌ಬರ್ಗಿನ ಆಸ್ಪತ್ರೆಯಲ್ಲಿ ಮನೋವೈದ್ಯನಾಗಿದ್ದನು. ಮನೋರೋಗಶಾಸ್ತ್ರವನ್ನು ಕುರಿತ ಈತನ ಮಹಾಗ್ರಂಥ 1913ರಲ್ಲಿ ಹೊರಬಂದಿತು. ಇನ್ನೊಬ್ಬನ ಮನಸ್ಸಿನಲ್ಲಿ ಒಂದು ಭಾವದಿಂದ ಮತ್ತೊಂದು ಭಾವ ಹೇಗೆ ಹುಟ್ಟಿತೆಂದು ನಾವು ಒಳಗಿನಿಂದ ಗ್ರಹಿಸಬಲ್ಲೆವಾದರೆ ಅದು ಅರಿವು. ಗ್ರಹಿಸಲಾರದೆ ಹೊರಗಿನ ಕಾರಣವನ್ನು ಹುಡುಕಬೇಕಾದರೆ ಅದು ವಿವರಣೆ ಎಂದು ಈತನು ಭೇದ ಮಾಡಿದನು. ಸಾವು, ನೋವು, ಹೋರಾಟ, ಅಪರಾಧ ಎಂಬ ಸೀಮಾಸನ್ನಿವೇಶಗಳ ಮಾತನ್ನು ತಂದವನೂ ಈತನೇ. ಯಾವ ಚಿಕಿತ್ಸೆಯೂ ಇವನ್ನು ಬಾಳಿನಿಂದ ತೆಗೆದುಹಾಕಲಾರದು. ಆದರೆ ಇವುಗಳ ಎದುರು ನಿಂತವರೆಲ್ಲರೂ ರೋಗಿಗಳಲ್ಲ.

ಮೂರನೆಯ ನಿದರ್ಶನವನ್ನು ನಮ್ಮಲ್ಲಿ ಸಾಕಷ್ಟು ಚರ್ಚಿಸಿಲ್ಲವೆಂದು ತೋರುತ್ತದೆ. ಲುಡ್ವಿಗ್ ಬಿನ್ಸ್‌ವಾಂಗರನೆಂಬ ಸ್ವಿಸ್ ಮನೋವೈದ್ಯನು ಅಸ್ತಿತ್ವವಾದವನ್ನು ಚಿಕಿತ್ಸೆಗೆ ಅಳವಡಿಸಲು ಯತ್ನಿಸಿದವರಲ್ಲಿ ಪ್ರಮುಖನು. ಕ್ರೊಯ್ಟ್ಸ್‌ಲಿಂಗೆನ್ನಿನ ತನ್ನ ಆರೋಗ್ಯಧಾಮದಲ್ಲಿದ್ದ ಒಬ್ಬ ಯುವತಿಯ ವೃತ್ತಾಂತವನ್ನು ಈತನು ‘ಎಲೆನ್ ವೆಸ್ಟ್’ ಎಂಬ ಕಲ್ಪಿತನಾಮದಲ್ಲಿ 1944-45ರಲ್ಲಿ ಪ್ರಕಟಿಸಿದನು. ಆಕೆ ವರ್ಷಗಟ್ಟಲೆ ಆಹಾರದೊಡನೆ ಹೋರಾಡಿದವಳು, ಸಾವನ್ನು ಬಯಸುತ್ತಿದ್ದವಳು. ಅಪಾಯವಿದೆಯೆಂದು ತಿಳಿದೂ ವೈದ್ಯರು ಆಕೆಯನ್ನು ಮನೆಗೆ ಕಳುಹಿಸಿದರು. 1921ರಲ್ಲಿ, ಮನೆ ಸೇರಿದ ಕೆಲವೇ ದಿನಗಳಲ್ಲಿ, ಆಕೆ ಪ್ರಾಣ ಕಳೆದುಕೊಂಡಳು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಬಿನ್ಸ್‌ವಾಂಗರನು ಆ ಸಾವನ್ನು ಆಕೆಯ ಅಸ್ತಿತ್ವದ ನೆರವೇರಿಕೆಯೆಂಬಂತೆ ವ್ಯಾಖ್ಯಾನಿಸಿದನು. ಆಕೆಯ ಸುತ್ತಲಿದ್ದವರು ಆಕೆಯನ್ನು ವ್ಯಕ್ತಿಯಾಗಿ ಕಾಣದೆ ವಸ್ತುವಾಗಿ ಕಂಡರೆಂದು ಕಾರ್ಲ್ ರಾಜರ್ಸನೇ ಮೊದಲಾದವರು ತರುವಾಯ ಆಕ್ಷೇಪಿಸಿದರು. ಆ ಪ್ರಬಂಧವನ್ನು ಓದುವಾಗ ಅದರ ತತ್ತ್ವದ ಗಹನತೆಗೆ ಬೆರಗಾಗುತ್ತೇವೆ. ಓದಿ ಮುಗಿಸಿದ ಮೇಲೆ ಆ ಗಹನತೆಯೇ ಭಯ ಹುಟ್ಟಿಸುತ್ತದೆ. ಜೇಮ್ಸನು ಖಂಡಿಸಿದ್ದು ವೈದ್ಯನ ದುಡುಕನ್ನು; ಇಲ್ಲಿ ಕಾಣುವುದು ತತ್ತ್ವಜ್ಞನ ದುಡುಕು. ಮೊದಲನೆಯದರಿಂದ ಒಂದು ಪ್ರಶ್ನೆ ಕಳೆದುಹೋಗುತ್ತದೆ, ಎರಡನೆಯದರಿಂದ ಒಂದು ಜೀವ.

ಈಗ ಕನ್ನಡಕ್ಕೆ ಬರಬಹುದು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು. ಲೇಖಕರು ಆಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುತ್ತಿದ್ದರು. ಬರ್ಗ್‌ಮನ್ನನ ‘ಏಳನೆಯ ಮುದ್ರೆ’ (1957) ಎಂಬ ಚಲನಚಿತ್ರವನ್ನು ನೋಡಿದ್ದು ಈ ಕೃತಿಗೆ ಪ್ರಚೋದನೆಯಾಯಿತೆಂದು ಅವರೇ ಹೇಳಿದ್ದುಂಟು. ಆ ಚಿತ್ರದಲ್ಲಿಯೂ ಪಿಡುಗು ಹಬ್ಬಿದ ನಾಡಿನಲ್ಲಿ ಒಬ್ಬನು ದೇವರನ್ನು ಕುರಿತ ಪ್ರಶ್ನೆಯನ್ನು ಹೊತ್ತು ತಿರುಗುತ್ತಾನೆ. ಚಿತ್ರದ ನೈಟನಿಗೂ ನಮ್ಮ ಪ್ರಾಣೇಶಾಚಾರ್ಯರಿಗೂ ಹೋಲಿಕೆಯನ್ನು ಎಳೆಯುವವರು ನೈಟನ ಪ್ರಶ್ನೆಯನ್ನೇ ನೋಡುತ್ತಾರೆ, ಪಿಡುಗನ್ನು ಹಿನ್ನೆಲೆಗೆ ಬಿಟ್ಟುಬಿಡುತ್ತಾರೆ. ‘ಸಂಸ್ಕಾರ’ದ ವಿಷಯದಲ್ಲಿ ಹೀಗೆ ಮಾಡಿದರೆ ಕೃತಿಯ ಅರ್ಧ ಕೈತಪ್ಪಿದಂತೆ.

ಕಥೆ ಎಲ್ಲರಿಗೂ ತಿಳಿದದ್ದೇ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರಭ್ರಷ್ಟನಾದ ನಾರಣಪ್ಪ ಸತ್ತಿದ್ದಾನೆ. ಶಿವಮೊಗ್ಗೆಗೆ ಹೋಗಿ ಬಂದವನು ಜ್ವರ ಬಂದು ನಾಲ್ಕು ದಿನದಲ್ಲಿ ತೀರಿಕೊಂಡನು. ಹೆಣದ ಸಂಸ್ಕಾರ ಯಾರು ಮಾಡಬೇಕು? ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕಿ ಸೋಲುತ್ತಾರೆ, ಮಾರುತಿಯ ಗುಡಿಯಲ್ಲಿ ಪ್ರಸಾದ ಬೇಡಿ ಸೋಲುತ್ತಾರೆ, ಹಿಂದಿರುಗುವಾಗ ಕಾಡಿನ ಕತ್ತಲಲ್ಲಿ ನಾರಣಪ್ಪನ ಸಂಗಾತಿ ಚಂದ್ರಿಯನ್ನು ಕೂಡುತ್ತಾರೆ. ಅಲ್ಲಿಂದ ಮುಂದೆ ಹೆಣದ ಪ್ರಶ್ನೆ ಅವರ ಸ್ವಂತ ಪ್ರಶ್ನೆಯಾಗುತ್ತದೆ.

ಈ ಬಿಕ್ಕಟ್ಟನ್ನು ರೋಗವೆಂದು ಓದಿದವರಲ್ಲಿ ಜಗತ್ಪ್ರಸಿದ್ಧನಾದವನು ವಿ. ಎಸ್. ನೈಪಾಲ್. ಎ. ಕೆ. ರಾಮಾನುಜನ್ನರ ಇಂಗ್ಲಿಷ್ ಅನುವಾದ 1976ರಲ್ಲಿ ಬಂದಿತು. ಮರುವರ್ಷ ಪ್ರಕಟವಾದ, ಭಾರತವನ್ನು ಗಾಯಗೊಂಡ ನಾಗರಿಕತೆಯೆಂದು ಕರೆದ ತನ್ನ ಗ್ರಂಥದಲ್ಲಿ ನೈಪಾಲನು ಈ ಕಾದಂಬರಿಯನ್ನು ಚರ್ಚಿಸಿದನು. ಭಾರತೀಯನ ‘ಅಹಂ’ ಪೂರ್ಣವಾಗಿ ಬೆಳೆಯದೆ ಉಳಿಯುತ್ತದೆ, ಆತನಿಗೆ ಜಾತಿ ಕುಲ ಆಚಾರಗಳೇ ಹೊರಗಿನ ಆಧಾರವಾಗಿರುತ್ತವೆ ಎಂಬ ಅರ್ಥದ ವಿಚಾರವನ್ನು ಮನೋವಿಶ್ಲೇಷಕ ಸುಧೀರ್ ಕಾಕರ್ ಅವರಿಂದ ಪಡೆದು, ಆಚಾರ್ಯರನ್ನು ಅದಕ್ಕೆ ದೃಷ್ಟಾಂತವಾಗಿ ನಿಲ್ಲಿಸಿದನು. ಕಟ್ಟಳೆ ಮುರಿದೊಡನೆ ಆಚಾರ್ಯರಲ್ಲಿ ‘ತಾನು’ ಎಂಬುದೇ ಉಳಿಯುವುದಿಲ್ಲವೆಂಬುದು ಆತನ ವಾದದ ಸಾರ.

ಈ ಓದಿನಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಮೇಳಿಗೆಯ ತೇರಿನ ಜನಜಂಗುಳಿಯಲ್ಲಿ ಎಲ್ಲರ ಕಣ್ಣುಗಳೂ ತಮ್ಮ ಮೇಲೆಯೇ ನೆಟ್ಟಿವೆಯೆಂದು ಆಚಾರ್ಯರು ಕುಗ್ಗುತ್ತಾರೆ. ಕೋಳಿಅಂಕದ ಕ್ರೌರ್ಯದೆದುರು ತತ್ತರಿಸುತ್ತಾರೆ. ಜೊತೆಗೆ ಬಿದ್ದ ಮಾಲೇರ ಪುಟ್ಟನನ್ನು ಬಿಡಿಸಿಕೊಳ್ಳಲೂ ಆರರು, ಕೂಡಿಕೊಳ್ಳಲೂ ಆರರು. ಇವೆಲ್ಲ ನೊಂದ ಮನಸ್ಸಿನ ಲಕ್ಷಣಗಳು. ಆದರೆ ನೈಪಾಲನು ಲಕ್ಷಣಗಳನ್ನು ಎಣಿಸಿದನು, ವಾಕ್ಯಗಳನ್ನು ಎಣಿಸಲಿಲ್ಲ. ಕಾದಂಬರಿಯ ಉತ್ತರಾರ್ಧದಲ್ಲಿ ಆಚಾರ್ಯರು ಮತ್ತೆ ಮತ್ತೆ ಹಿಂದಿರುಗುವ ಪ್ರಶ್ನೆ ಒಂದೇ: ಕಾಡಿನಲ್ಲಿ ನಡೆದದ್ದು ನಾನು ನಿರ್ಧರಿಸಿ ಮಾಡಿದ್ದೋ, ನನ್ನನ್ನು ಮೀರಿ ಆದದ್ದೋ? ಆದದ್ದೆಂದರೆ ತಾವು ಹೊಣೆಯಲ್ಲವೆಂದು ಜಾರಿಕೊಳ್ಳಬಹುದು. ಜಾರಿಕೊಳ್ಳಲು ಅವರ ಮನಸ್ಸು ಒಪ್ಪುವುದಿಲ್ಲ. ನಿರ್ಧಾರವಿಲ್ಲದೆ ಆದದ್ದಕ್ಕೂ ತಾವು ಹೊಣೆ ಹೊರಬೇಕೆಂದೂ, ಹಾಗೆ ಹೊರಬೇಕಾದರೆ ಅದನ್ನು ಈಗಲಾದರೂ ತಿಳಿದು ತಮ್ಮದಾಗಿ ಮಾಡಿಕೊಳ್ಳಬೇಕೆಂದೂ ಅವರು ತರ್ಕಿಸುತ್ತಾರೆ. ಬೆಳೆಯದ ಅಹಂ ಈ ತರ್ಕದ ಭಾರವನ್ನು ಹೊರಬಲ್ಲುದೇ? ಯಾಸ್ಪರ್ಸನ ಮಾತಿನಲ್ಲಿ ಹೇಳುವುದಾದರೆ, ಆಚಾರ್ಯರ ಒಂದು ಭಾವದಿಂದ ಮತ್ತೊಂದಕ್ಕೆ ಹೋಗುವ ದಾರಿಯನ್ನು ನಾವು ಹೆಜ್ಜೆಹೆಜ್ಜೆಗೂ ಅರಿಯಬಲ್ಲೆವು. ಹೊರಗಿನ ಕಾರಣವನ್ನು ಹುಡುಕಬೇಕಾದ ಬಿರುಕು ಎಲ್ಲಿಯೂ ಇಲ್ಲ. ನೈಪಾಲನು ಭಾರತವನ್ನು ಕುರಿತು ಮೊದಲೇ ಬರೆದಿಟ್ಟುಕೊಂಡ ನಿರ್ಣಯವೊಂದಕ್ಕೆ ರೋಗಿಯನ್ನು ಹುಡುಕುತ್ತಿದ್ದನು, ಆಚಾರ್ಯರು ಸಿಕ್ಕಿದರು ಎಂದು ನನಗೆ ತೋರುತ್ತದೆ.

ಆದರೆ ನೈಪಾಲನಿಗೆ ಉತ್ತರ ಕೊಟ್ಟ ಉತ್ಸಾಹದಲ್ಲಿ ನಮ್ಮ ವಿಮರ್ಶೆ ಇನ್ನೊಂದು ಬದಿಗೆ ವಾಲಿತು. ಕಾದಂಬರಿಯಲ್ಲಿ ನಿಜವಾದ ರೋಗವೊಂದು ಇದೆ. ಅದರ ಹೆಸರು ಪ್ಲೇಗು. ಈ ರೋಗ 1896ರಲ್ಲಿ ಮುಂಬಯಿಗೆ ಬಂದು, 1898ರಲ್ಲಿ ಬೆಂಗಳೂರು ಮೈಸೂರುಗಳನ್ನು ಹೊಕ್ಕು, ಮುಂದೆ ದಶಕಗಳ ಕಾಲ ಈ ನಾಡಿನಲ್ಲಿ ಮರುಕಳಿಸುತ್ತಿತ್ತು. ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಯೆರ್ಸಿನನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದನು; 1897ರಲ್ಲಿ ಮುಂಬಯಿಯಲ್ಲಿ ಹಾಫ್ಕಿನನು ಲಸಿಕೆಯನ್ನು ಸಿದ್ಧಪಡಿಸಿದ್ದನು. ಅಂದರೆ ದೂರ್ವಾಸಪುರದಲ್ಲಿ ಇಲಿಗಳು ಸತ್ತು ಬೀಳತೊಡಗಿದ ಹೊತ್ತಿಗೆ ಆ ಚಿಹ್ನೆಯ ಅರ್ಥ ಲೋಕಕ್ಕೆ ತಿಳಿದಿತ್ತು. ಅಗ್ರಹಾರಕ್ಕೆ ತಿಳಿದಿರಲಿಲ್ಲ. ಹೆಂಚಿನ ಮೇಲೆ ಹದ್ದುಗಳು ಬಂದು ಕುಳಿತರೆ ಬ್ರಾಹ್ಮಣರು ಶಂಖ ಜಾಗಟೆಗಳಿಂದ ಅವನ್ನು ಓಡಿಸುತ್ತಾರೆ. ಸಾವುಗಳು ಒಂದಾದ ಮೇಲೊಂದು ಬಂದರೆ ಸಂಸ್ಕಾರವಿಲ್ಲದ ಹೆಣದ ಶಾಪವೆಂದು ನಡುಗುತ್ತಾರೆ. ಪರಿಹಾರ ಕೇಳಲು ಕೈಮರಕ್ಕೂ ಮಠಕ್ಕೂ ನಡೆಯುತ್ತಾರೆ. ಪಾರಿಜಾತಪುರದ ಮಂಜಯ್ಯನಂಥ ವ್ಯವಹಾರಜ್ಞನಿಗೆ ಮಾತ್ರ ಇದು ಪ್ಲೇಗೆಂಬ ಗುಮಾನಿ ಹುಟ್ಟುತ್ತದೆ. ಊರಾಚೆಯ ಗುಡಿಸಲುಗಳಲ್ಲಿಯೂ ಜನ ಸಾಯುತ್ತಾರೆ. ಅಲ್ಲಿ ಹೆಣದೊಡನೆ ಗುಡಿಸಲಿಗೂ ಬೆಂಕಿ ಇಡುತ್ತಾರೆ, ಅಷ್ಟಕ್ಕೆ ಮುಗಿಯಿತು. ಒಂದೇ ರೋಗ, ಒಂದು ಕೇರಿಯಲ್ಲಿ ಅದು ಧರ್ಮಜಿಜ್ಞಾಸೆ, ಇನ್ನೊಂದು ಕೇರಿಯಲ್ಲಿ ಬರಿಯ ಸಾವು. ಅಸ್ತಿತ್ವದ ಬಿಕ್ಕಟ್ಟನ್ನು ಅನುಭವಿಸುವ ಅವಕಾಶವೂ ಸಮಾಜದಲ್ಲಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲವೆಂಬುದನ್ನು ಕಾದಂಬರಿ ಒತ್ತಿ ಹೇಳದೆ ತೋರಿಸಿಬಿಡುತ್ತದೆ.

ಅಗ್ರಹಾರದ ತಪ್ಪು ಯಾವುದು? ರೋಗವನ್ನು ಅರ್ಥದ ಪ್ರಶ್ನೆಯೆಂದು ಓದಿದ್ದು. ನೈಪಾಲನ ತಪ್ಪು ಅದರ ತಿರುವು: ಅರ್ಥದ ಪ್ರಶ್ನೆಯನ್ನು ರೋಗವೆಂದು ಓದಿದ್ದು. ಈ ಎರಡು ತಪ್ಪುಗಳಿಗೂ ಎಡೆಯಿರುವಂತೆ ಪ್ಲೇಗನ್ನೂ ವಿಷಾದವನ್ನೂ ಒಂದೇ ಊರಿನಲ್ಲಿ ಒಂದೇ ವಾರದಲ್ಲಿ ತಂದಿಟ್ಟದ್ದು ಕಾದಂಬರಿಕಾರರ ದೊಡ್ಡ ಸಾಧನೆ. ಪ್ಲೇಗನ್ನು ಬರಿಯ ಸಂಕೇತವೆಂದು, ಕೊಳೆತ ಬ್ರಾಹ್ಮಣ್ಯದ ಪ್ರತಿಮೆಯೆಂದು, ವ್ಯಾಖ್ಯಾನಿಸುವ ವಿದ್ವಾಂಸರ ಬಗ್ಗೆ ನನಗೆ ಗೌರವವಿದೆ. ಆದರೆ ಪ್ಲೇಗನ್ನು ಸಂಕೇತವೆಂದು ಓದುವವನು ತನಗೆ ತಿಳಿಯದಂತೆ ಅಗ್ರಹಾರದ ಪಂಕ್ತಿಯಲ್ಲಿಯೇ ಕುಳಿತುಬಿಡುತ್ತಾನೆ. ಅಲ್ಲಿ ಸತ್ತ ಇಲಿ ಮೊದಲು ಇಲಿ.

ಇನ್ನೊಂದು ಅಂಶವನ್ನು ಇಲ್ಲಿಯೇ ಹೇಳಬೇಕು. ಆಚಾರ್ಯರು ತಮ್ಮ ಪ್ರಶ್ನೆಯಲ್ಲಿ ಮುಳುಗಿರುವಾಗ ಚಂದ್ರಿ ಏನು ಮಾಡಿದಳು? ಹೆಣ ನಾರುತ್ತಿದೆ ಎಂಬುದು ಅವಳಿಗೆ ಪ್ರತ್ಯಕ್ಷ. ಗಾಡಿಯವನೊಬ್ಬನನ್ನು ಬೇಡಿದಳು, ಅವನು ಬೆದರಿ ಹಿಂದೆ ಸರಿದನು. ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ನಾರಣಪ್ಪನನ್ನು ಸುಡಿಸಿ ಕುಂದಾಪುರದ ದಾರಿ ಹಿಡಿದಳು. ಸಂಸ್ಕಾರವೇನೋ ಮುಗಿದೇಹೋಯಿತು. ಆಚಾರ್ಯರಿಗೆ ಇದು ಗೊತ್ತಿಲ್ಲ. ಬಿಕ್ಕಟ್ಟಿನ ಹೊರಗಿನ ಕಾರಣ ಬೂದಿಯಾದ ಮೇಲೆಯೂ ಬಿಕ್ಕಟ್ಟು ಬೆಳೆಯುತ್ತಲೇ ಇದೆ. ಇದನ್ನು ಆಚಾರ್ಯರ ಹಾಸ್ಯಾಸ್ಪದ ಸ್ಥಿತಿಯೆಂದು ತಿಳಿಯುವವರೂ ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಪ್ರಶ್ನೆ ಹೆಣದ್ದಾಗಿರಲಿಲ್ಲ, ಬದುಕಿದ್ದವರದಾಗಿತ್ತು ಎಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಡ. ಆದರೆ ಚಂದ್ರಿಯ ಕೆಲಸ ಆಗದೇ ಇದ್ದಿದ್ದರೆ ಆ ಪ್ರಶ್ನೆಯ ಗಹನತೆಯ ಕೆಳಗೆ ಇನ್ನೆಷ್ಟು ಹೆಣಗಳು ಬೀಳುತ್ತಿದ್ದವು ಎಂಬುದನ್ನೂ ಕೇಳದೆ ಬಿಡಲಾಗದು.

ಬಿಕ್ಕಟ್ಟೂ ಬೇನೆಯೂ ಒಬ್ಬನಲ್ಲಿಯೇ ಕೂಡಿರುವ ಸಂದರ್ಭಕ್ಕೆ ಯಶವಂತ ಚಿತ್ತಾಲರ ‘ಶಿಕಾರಿ’ (1979) ಹೆಚ್ಚು ಹತ್ತಿರದ ಉದಾಹರಣೆ. ಮುಂಬಯಿಯ ಕಂಪೆನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನಾಗಪ್ಪ ಇದ್ದಕ್ಕಿದ್ದಂತೆ ಅಮಾನತಿಗೂ ವಿಚಾರಣೆಗೂ ಗುರಿಯಾಗುತ್ತಾನೆ. ಯಾರೋ ತನ್ನನ್ನು ಬೇಟೆಯಾಡುತ್ತಿದ್ದಾರೆಂಬ ಭಯ ಅವನನ್ನು ಹಿಡಿಯುತ್ತದೆ. ಈ ಭಯ ಭ್ರಮೆಯೋ ನಿಜವೋ ಎಂದು ಓದುಗನಿಗೆ ಬಹಳ ಹೊತ್ತು ನಿಶ್ಚಯವಾಗುವುದಿಲ್ಲ, ನಾಗಪ್ಪನಿಗೂ ಆಗುವುದಿಲ್ಲ. ಸಂಚು ಹೂಡಿದವರು ಇದ್ದಾರೆ. ಜೊತೆಗೆ, ಬಾಲ್ಯದ ಗಾಯಗಳಿಂದ ಭಯಕ್ಕೆ ಮೊದಲೇ ಹದವಾದ ಮನಸ್ಸೂ ಇದೆ. ಸಂಚು ನಿಜವಾದ ಮಾತ್ರಕ್ಕೆ ಅವನ ನಿದ್ರೆಗೇಡು ವಾಸಿಯಾಗುವುದಿಲ್ಲ, ಅವನು ಅಸ್ವಸ್ಥನೆಂದ ಮಾತ್ರಕ್ಕೆ ಬೇಟೆಗಾರರು ಇಲ್ಲವಾಗುವುದಿಲ್ಲ. ಚಿತ್ತಾಲರು ಎರಡನ್ನೂ ಕಡೆಯವರೆಗೆ ಕೈಬಿಡದೆ ಹಿಡಿದಿದ್ದಾರೆ. ಕಾಫ್ಕಾನ ‘ವಿಚಾರಣೆ’ಯೊಡನೆ ಇದನ್ನು ಹೋಲಿಸುವುದು ವಾಡಿಕೆ, ಕಾಫ್ಕಾನಲ್ಲಿ ಕಾಣದ ಒಂದು ಗುಣ, ಭಯದ ವೈದ್ಯಚರಿತ್ರೆಯನ್ನು ಸಾವಧಾನವಾಗಿ ಬರೆಯುವ ಗುಣ, ಚಿತ್ತಾಲರಲ್ಲಿದೆ.

ಈ ಚರ್ಚೆ ಕೇವಲ ಪುಸ್ತಕಗಳದ್ದೆಂದು ತಿಳಿಯಬಾರದು. ಈ ಕೃತಿಗಳನ್ನು ನಾವು ಹದಿನೆಂಟು ಇಪ್ಪತ್ತರ ವಯಸ್ಸಿನವರಿಗೆ ಪಾಠ ಹೇಳುತ್ತೇವೆ. ಬದುಕಿಗೆ ಅರ್ಥವಿಲ್ಲವೆಂದು ಉತ್ತರಪತ್ರಿಕೆಯಲ್ಲಿ ಸೊಗಸಾಗಿ ಬರೆದ ವಿದ್ಯಾರ್ಥಿಗೆ ಹೆಚ್ಚಿನ ಅಂಕ ಕೊಡುತ್ತೇವೆ. ಅದೇ ವಿದ್ಯಾರ್ಥಿ ವಾರಗಟ್ಟಲೆ ಊಟ ಸರಿಯಾಗಿ ಮಾಡದೆ, ನಿದ್ರೆಯಿಲ್ಲದೆ, ತರಗತಿಗೆ ಬರುವುದನ್ನು ಬಿಟ್ಟಿದ್ದರೆ, ಆ ವಾಕ್ಯಕ್ಕೆ ಅಂಕವಲ್ಲದೆ ಬೇರೊಂದು ಬಗೆಯ ಉತ್ತರ ಬೇಕಾಗಿರಬಹುದು. ಕೂರಿಸಿಕೊಂಡು ಕೇಳುವುದು ಮೊದಲು. ಬೇಕಾದರೆ ವೈದ್ಯರಲ್ಲಿಗೆ ಜೊತೆಯಲ್ಲಿ ಹೋಗುವುದು ಆಮೇಲೆ. ಔಷಧ ಸೇವಿಸಿ ನಿದ್ರೆ ಬಂದ ಮೇಲೆಯೂ ಅವನ ಪ್ರಶ್ನೆ ಉಳಿದಿದ್ದರೆ, ಅದನ್ನು ಚರ್ಚಿಸಲು ತರಗತಿ ಇದ್ದೇ ಇದೆ. ಚಿಕಿತ್ಸೆಯಿಂದ ಪ್ರಶ್ನೆ ಸಾಯುತ್ತದೆಂಬ ಅಂಜಿಕೆ ಸಾಹಿತ್ಯದವರಲ್ಲಿ ಆಳವಾಗಿ ಬೇರೂರಿದೆ. ಅದಕ್ಕೆ ಆಧಾರವೇನೆಂದು ಯಾರೂ ತೋರಿಸಿಲ್ಲ.

‘ಸಂಸ್ಕಾರ’ದಲ್ಲಿ ಇನ್ನೂ ಒಬ್ಬ ರೋಗಿ ಇದ್ದಾಳೆ. ಕಾದಂಬರಿ ತೆರೆಯುವುದೇ ಅವಳ ಆರೈಕೆಯಿಂದ. ಆಚಾರ್ಯರ ಹೆಂಡತಿ ಭಾಗೀರಥಿ ಮದುವೆಯಾದಂದಿನಿಂದ ರೋಗಿಷ್ಠೆ. ಅವಳ ಬತ್ತಿದ ಮೈಗೆ ಸ್ನಾನ ಮಾಡಿಸಿ, ಪೂಜೆ ಮುಗಿಸಿ, ಆಮೇಲೆ ಆಚಾರ್ಯರು ಅವಳಿಗೆ ಗಂಜಿ ಉಣಿಸಲು ತೊಡಗುತ್ತಾರೆ. ವರ್ಷಗಳಿಂದ ತಪ್ಪದೆ ನಡೆದ ಈ ಸೇವೆಯನ್ನು ಅವರು ತಮ್ಮ ತಪಸ್ಸೆಂದೇ, ಮೋಕ್ಷಕ್ಕೆ ತಮ್ಮನ್ನು ಹದಗೊಳಿಸುವ ಸಾಧನೆಯೆಂದೇ ಭಾವಿಸಿದ್ದಾರೆ. ಆಚಾರ್ಯರ ಸ್ವಸ್ಥವಾದ, ಶಾಂತವಾದ, ಊರಿಗೆಲ್ಲ ಮಾದರಿಯಾದ ವ್ಯಕ್ತಿತ್ವ ನಿಂತಿರುವುದು ಅವಳ ಕಾಯಿಲೆಯ ಮೇಲೆ. ಅವಳು ಗುಣವಾದರೆ ಅವರ ತಪಸ್ಸು ಮುಗಿದಂತೆ. ಕಾಡಿನ ರಾತ್ರಿಯ ಮರುದಿನ ಅವರಿಗೆ ಮೊದಲ ಬಾರಿಗೆ ಅವಳ ದೇಹ ಕಣ್ಣಿಗೆ ಬೀಳುತ್ತದೆ, ಕಂಡೊಡನೆ ಅಸಹ್ಯವೂ ಹುಟ್ಟುತ್ತದೆ. ವಿಮರ್ಶಕರು ಈ ಅಸಹ್ಯವನ್ನು ಆಚಾರ್ಯರ ಎಚ್ಚರವೆಂದು ಬಹಳ ಬರೆದಿದ್ದಾರೆ. ಆ ದೃಷ್ಟಿಗೆ ಗುರಿಯಾದವಳ ಕಡೆಯಿಂದ ಬರೆದದ್ದು ಅಪರೂಪ. ಅದೇ ಹೊತ್ತಿಗೆ ಪ್ಲೇಗು ಅವಳನ್ನು ಹಿಡಿಯುತ್ತದೆ, ಅವಳು ಸಾಯುತ್ತಾಳೆ, ಆಚಾರ್ಯರು ಅವಳನ್ನು ಸುಟ್ಟು, ಕಾಲು ಎಳೆದತ್ತ ನಡೆದುಬಿಡುತ್ತಾರೆ. ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಸೂತಕದಲ್ಲಿಯೇ ಊಟಕ್ಕೆ ಕುಳಿತಾಗ ಅವರನ್ನು ಕಾಡುವುದು ಮೈಲಿಗೆಯ ಭಯ, ಗುರುತು ಹಿಡಿದಾರೆಂಬ ಭಯ. ಆ ಸೂತಕ ಯಾರದೆಂಬುದನ್ನು ಅವರು ಹೆಚ್ಚು ನೆನೆಯುವುದಿಲ್ಲ.

ಪ್ರಾರಂಭದ ಪುಟಗಳಲ್ಲಿ ಭಾಗೀರಥಿಯ ಮಾತೊಂದು ಬರುತ್ತದೆ. ತನ್ನನ್ನು ಕಟ್ಟಿಕೊಂಡು ಅವರಿಗೆ ಸುಖವಿಲ್ಲ, ಮನೆಗೊಂದು ಮಗುವಾದರೂ ಬೇಡವೇ, ಇನ್ನೊಂದು ಮದುವೆ ಮಾಡಿಕೊಳ್ಳಬಾರದೇ ಎಂದು ಅವಳು ಗಂಡನನ್ನು ಕೇಳುತ್ತಾಳೆ. ಈ ಅರ್ಥದ ಮಾತನ್ನು ಅವಳು ಆಡುವುದು ಅದೇ ಮೊದಲಲ್ಲವೆಂದು ತೋರುತ್ತದೆ. ತನ್ನ ಇರವಿನಿಂದ ಯಾರಿಗೂ ಪ್ರಯೋಜನವಿಲ್ಲ, ತಾನು ಭಾರ ಎಂಬ ಭಾವವನ್ನು ಇಂದು ಯಾವ ವೈದ್ಯನೂ ಹಗುರವಾಗಿ ತೆಗೆದುಕೊಳ್ಳಲಾರನು. ಯಾ ತತ್ತ್ವಜ್ಞನಾದರೂ ಅದರಲ್ಲಿ ಅಸ್ತಿತ್ವದ ಪ್ರಶ್ನೆಯನ್ನು ಕಾಣಬೇಕಾಗಿತ್ತು. ಆಚಾರ್ಯರು ನಕ್ಕು, ತಮಗೆ ವಯಸ್ಸಾಯಿತೆಂದು ಮಾತು ತೇಲಿಸಿ, ಅವಳಿಗೆ ಉಣಿಸಬೇಕಾದುದನ್ನು ಉಣಿಸುತ್ತಾರೆ.